ಕೋಲಾಟಕ್ಕೆ ಮುಂದಿನ ಸಾಲು ಎಲ್ಲಿದೆ?

ಓದುಗರ ಪ್ರಶ್ನೆ, ನಿವೃತ್ತ ಮುಖ್ಯೋಪಾಧ್ಯಾಯಿನಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೈಸ್ಕೂಲಿನವು. ಸ್ಕೂಲ್ ಡೇ ಸಮಯ ಅಲ್ವಾ, ಸಂಭ್ರಮವೂ ಇದೆ, ಸಿಟ್ಟೂ ಇದೆ. ಹೆಸರು ಹಾಕಬೇಡಿ ಎಂದವರ ಹೆಸರು ಹಾಕಿಲ್ಲ. ಹಾಕಿ ಎಂದವರದ್ದೂ ಹಾಕಿಲ್ಲ, ಯಾಕೆಂದರೆ ನಮ್ಮ ಕಡೆಯ ಊರುಗಳು ಚಿಕ್ಕವು.

ಪ್ರಶ್ನೆ: ವಾರ್ಷಿಕೋತ್ಸವದ ಡ್ಯಾನ್ಸಿಗೆ ಪ್ರತಿ ವರ್ಷ ಅದೇ ಆರು ಹುಡುಗಿಯರು. ಈ ವರ್ಷ ನನ್ನನ್ನೂ ಸೇರಿಸಿಕೊಂಡರು, ಆದರೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಕೇಳಿದರೆ ‘ನೀನು ಕಪ್ಪು, ಲೈಟಿಗೆ ಮುಖ ಎದ್ದು ಕಾಣಲ್ಲ’ ಅಂದರು. ಡ್ರೆಸ್ ಬಾಡಿಗೆ ಬೇರೆ 350 ರೂಪಾಯಿ. ಬಿಟ್ಟುಬಿಡಲಾ ಮೇಡಂ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಿಡಬೇಡ ಪುಟ್ಟಿ. ನೀನು ಬಿಟ್ಟರೆ ಆ ಆರು ಜನ ಮತ್ತೆ ಆರೇ ಆಗುತ್ತಾರೆ. ಮುಂದಿನ ವರ್ಷ ನಿನ್ನಂಥ ಇನ್ನೊಬ್ಬಳಿಗೆ ಆ ಹಿಂದಿನ ಸಾಲೂ ಸಿಗುವುದಿಲ್ಲ.

ಮೊದಲು ಬಣ್ಣದ ಮಾತು. ಲೈಟಿಗೆ ಮುಖ ಕಾಣದಿದ್ದರೆ ಲೈಟ್ ಕಟ್ಟಿದವನನ್ನು ಕರೆದು ಹೇಳಬೇಕು. ಫೋಕಸನ್ನು ಸ್ವಲ್ಪ ಕೆಳಗಿಳಿಸಿ ತಿರುಗಿಸಿದರೆ ಆಯಿತು, ಎಲ್ಲರ ಮುಖವೂ ಕಾಣುತ್ತದೆ. ಆ ಮಾತಾಡಿದ ಟೀಚರ್ ಇದನ್ನು ಓದುತ್ತಿದ್ದರೆ ಅವರಿಗೊಂದು ವಿಷಯ: ಹುಡುಗಿ ಇದನ್ನು ಗುರುತಿಲ್ಲದ ನನಗೆ ಬರೆದಿದ್ದಾಳೆ. ಮನೆಯಲ್ಲಿ ಅಮ್ಮನ ಹತ್ತಿರ ಬಾಯಿಬಿಟ್ಟಿರಲಿಕ್ಕಿಲ್ಲ. ಅಷ್ಟು ಆಳಕ್ಕೆ ಇಳಿದಿದೆ ನಿಮ್ಮ ಆ ಒಂದು ಮಾತು.

ಪುಟ್ಟಿ, ನೀನು ಒಬ್ಬಳೇ ಹೋಗಿ ‘ನನ್ನನ್ನು ಮುಂದೆ ನಿಲ್ಲಿಸಿ’ ಎಂದು ಕೇಳಬೇಡ. ಹಿಂದಿನ ಸಾಲಿನವರೆಲ್ಲ ಒಟ್ಟಿಗೆ ಹೋಗಿ. ‘ಪಲ್ಲವಿಗೆ ಒಂದು ಸಾಲು ಮುಂದೆ ಇರಲಿ, ಚರಣಕ್ಕೆ ಇನ್ನೊಂದು ಸಾಲು ಮುಂದೆ ಬರಲಿ’ ಅನ್ನಿ. ಡ್ಯಾನ್ಸ್ ಮಾಸ್ತರರಿಗೆ ಇದು ಹೊಸದೇನಲ್ಲ, ಸಾಲು ಬದಲಾದರೆ ನೋಡೋಕೂ ಚೆನ್ನಾಗಿರುತ್ತದೆ. ಬೇಡ ಎನ್ನಲು ಅವರಿಗೆ ಕಾರಣ ಸಿಗುವುದು ಕಷ್ಟ.

ನಮ್ಮ ಶಾಲೆಯಲ್ಲೂ ಈ ಜಗಳ ಜೋರಾಗಿತ್ತು. ಒಂದು ವರ್ಷ ಸಿನಿಮಾ ಹಾಡು ಪಕ್ಕಕ್ಕಿಟ್ಟು ಕೋಲಾಟ ಇಟ್ಟುಕೊಂಡೆವು. ಕೋಲಾಟ ಸುತ್ತಿನ ಆಟ, ಅದರಲ್ಲಿ ಮುಂದಿನ ಸಾಲು ಎಲ್ಲಿದೆ? ಒಬ್ಬೊಬ್ಬರೂ ಸುತ್ತು ಬಂದು ಜನರ ಎದುರಿಗೆ ಒಮ್ಮೆ ಹಾದು ಹೋಗಲೇಬೇಕು. ಇನ್ನೊಂದು ಚಂದ ಏನೆಂದರೆ ಕೋಲಿಗೆ ಕೋಲು ಕೊಡಲು ಜೋಡಿ ಬೇಕು. ಬೆಸ ಸಂಖ್ಯೆ ಆದರೆ ಆಟ ನಡೆಯಲ್ಲ. ಒಬ್ಬ ಹುಡುಗ ಹೆಚ್ಚಾದ. ಅವನನ್ನು ಕಳಿಸುವ ಬದಲು ಮಕ್ಕಳೇ ಓಡಿಹೋಗಿ, ಯಾವ ಕಾರ್ಯಕ್ರಮದಲ್ಲೂ ಇಲ್ಲದೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದ ಇನ್ನೊಬ್ಬನನ್ನು ಎಳೆದುಕೊಂಡು ಬಂದರು. ಅಡಿಕೆ ದಬ್ಬೆ ಕೆತ್ತಿ ಕೋಲು ಮಾಡಿದವರೂ ಅವರೇ. ಹುಡುಗರಿಗೆ ಮನೆಯ ಪಂಚೆ, ಟವೆಲ್, ಹುಡುಗಿಯರಿಗೆ ಅಮ್ಮನ ಸೀರೆ. ಬಾಡಿಗೆ ಡ್ರೆಸ್ಸಿನವನಿಗೆ ನಮ್ಮ ಮೇಲೆ ಸ್ವಲ್ಪ ಬೇಜಾರಾಯಿತು ಅಷ್ಟೆ.

ಪ್ರತಿಭಾ ಕಾರಂಜಿಗೆ ಕಳಿಸುವಾಗ ಕತೆ ಬೇರೆ. ಅದು ಸ್ಪರ್ಧೆ. ಅಲ್ಲಿ ಚೆನ್ನಾಗಿ ಮಾಡುವವರನ್ನೇ ಆರಿಸಬೇಕು, ಕ್ಲಸ್ಟರ್ ದಾಟಿದರೆ ತಾಲ್ಲೂಕು, ಆಮೇಲೆ ಜಿಲ್ಲೆ. ಆದರೆ ಆಯ್ಕೆಯ ದಿನ ಯಾವುದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿ, ಜನಪದ ಗೀತೆಯಾಗಲಿ, ಆಶುಭಾಷಣವಾಗಲಿ, ಕವಾಲಿಯಾಗಲಿ, ಬಂದವರನ್ನೆಲ್ಲ ಒಮ್ಮೆ ಕೇಳಿ ಆರಿಸಬೇಕು. ಸ್ಕೂಲ್ ಡೇ ಹಾಗಲ್ಲ. ಅದು ಮನೆಯ ಹಬ್ಬ.

ಪ್ರಶ್ನೆ: ಶಾಲಾ ಸಂಸತ್ತಿನ ಚುನಾವಣೆಯಲ್ಲಿ ನನ್ನ ಮಗನಿಗೆ ಎಲ್ಲರಿಗಿಂತ ಜಾಸ್ತಿ ಓಟು ಬಂತು. ‘ಓದಿನಲ್ಲಿ ಹಿಂದೆ ಇದ್ದಾನೆ, ಶಾಲೆಗೆ ಮರ್ಯಾದೆ ಬರಲ್ಲ’ ಅಂತ ಎರಡನೆಯವನನ್ನು ಮುಖ್ಯಮಂತ್ರಿ ಮಾಡಿದರು. ಇವನನ್ನು ಸ್ವಚ್ಛತಾ ಮಂತ್ರಿ ಮಾಡಿದ್ದಾರೆ. ದೂರು ಕೊಡೋದಾ, ಸುಮ್ನೆ ಬಿಡೋದಾ?
— ಒಬ್ಬ ಅಪ್ಪ, ಸಾಗರ

ಉತ್ತರ: ದೂರು ಬರೆಯುವ ಮೊದಲು ಹೋಗಿ ಮಾತಾಡಿ. ಸುಮ್ನೆ ಮಾತ್ರ ಬಿಡಬೇಡಿ. ನಿಮ್ಮ ಮಗನ ಕುರ್ಚಿ ಸಣ್ಣ ವಿಷಯ. ಓಟು ಹಾಕಿದ ಮಕ್ಕಳೆಲ್ಲ ಅವತ್ತು ಏನು ಕಲಿತರು ಹೇಳಿ? ಓಟು ಹಾಕಿಸಿಕೊಳ್ಳುತ್ತಾರೆ, ಆಮೇಲೆ ತಮಗೆ ಬೇಕಾದವರನ್ನು ಕೂರಿಸುತ್ತಾರೆ ಅಂತ. ಸಮಾಜ ವಿಜ್ಞಾನದ ಮೇಷ್ಟ್ರು ವರ್ಷವಿಡೀ ಪ್ರಜಾಪ್ರಭುತ್ವದ ಪಾಠ ಮಾಡಿದರೂ ಇದು ಅಳಿಸಿ ಹೋಗಲ್ಲ. ಇಷ್ಟು ಮಾರ್ಕ್ಸ್ ಇದ್ದವರೇ ನಿಲ್ಲಬೇಕು ಎಂದಿದ್ದರೆ ನಾಮಪತ್ರಕ್ಕೆ ಮುಂಚೆ ಹೇಳಬೇಕಿತ್ತು. (ಹಾಗೆ ಹೇಳುವುದನ್ನೂ ನಾನು ಒಪ್ಪಲ್ಲ, ಅದು ಬೇರೆ ಮಾತು.) ಎಣಿಕೆ ಮುಗಿದ ಮೇಲೆ ನಿಯಮ ಬರೆಯುವುದು ಯಾವ ಊರಿನ ನ್ಯಾಯ?

ಈಗ ಎಷ್ಟೋ ಶಾಲೆಗಳಲ್ಲಿ ಮೊಬೈಲಿಗೆ ಮತಯಂತ್ರದ ಆ್ಯಪ್ ಹಾಕಿಕೊಂಡು ಚುನಾವಣೆ ಮಾಡುತ್ತಾರೆ. ಬಟನ್ ಒತ್ತಿದರೆ ಬೀಪ್ ಅನ್ನುತ್ತದೆ, ಮಕ್ಕಳಿಗೆ ಅದೇ ಮಜಾ. ನನಗೆ ಚೀಟಿಯೇ ಇಷ್ಟ. ಬಿಸ್ಕತ್ತಿನ ಡಬ್ಬಕ್ಕೆ ಕಾಗದ ಅಂಟಿಸಿ ಮತಪೆಟ್ಟಿಗೆ. ಎಣಿಕೆ ಎಲ್ಲರೆದುರಿಗೆ, ಬೋರ್ಡಿನ ಮೇಲೆ. ಒಬ್ಬಳು ಚೀಟಿ ಬಿಚ್ಚಿ ಓದುತ್ತಾಳೆ, ಇನ್ನೊಬ್ಬ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಾನೆ. ನಾಲ್ಕು ಗೆರೆ ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ಕೊನೆಯ ಸಾಲಿನಲ್ಲಿ ಕೂತವನೂ ಎಣಿಸಬಹುದು. ಆಮೇಲೆ ಯಾವ ಹೆಡ್‌ಮಾಸ್ತರೂ ಫಲಿತಾಂಶ ಬದಲಾಯಿಸುವ ಧೈರ್ಯ ಮಾಡಲ್ಲ.

ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರನ್ನೂ ಮಾಡಲು ಹೇಳಿ. ಎಷ್ಟೋ ಕಡೆ ಅದನ್ನೇ ಮರೆಯುತ್ತಾರೆ. ನಮ್ಮಲ್ಲಿ ಒಮ್ಮೆ ಎಂಟನೇ ತರಗತಿಯ ಪುಟಾಣಿ ಹುಡುಗಿ ವಿರೋಧ ಪಕ್ಷದ ನಾಯಕಿ ಆಗಿದ್ದಳು. ಎದ್ದು ನಿಂತು ಆಹಾರ ಮಂತ್ರಿಯನ್ನು ಕೇಳಿದಳು: ‘ಬಿಸಿಯೂಟದ ಸಾಂಬಾರು ನಮ್ಮ ಕ್ಲಾಸಿಗೆ ಮಾತ್ರ ನೀರು, ಯಾಕೆ?’ ಸಭೆ ನಕ್ಕಿತು. ಆಹಾರ ಮಂತ್ರಿ ಹತ್ತನೇ ತರಗತಿಯ ಹುಡುಗ, ಅವನಿಗೆ ಅವಮಾನ ಆಯಿತು. ಮರುದಿನ ಅಡುಗೆಮನೆ ಬಾಗಿಲಲ್ಲಿ ಹೋಗಿ ನಿಂತ. ನೋಡಿದರೆ ವಿಷಯ ಇಷ್ಟೇ: ಎಂಟನೆಯವರು ಚಿಕ್ಕವರು ಅಂತ ಮೊದಲು ಬಡಿಸುತ್ತಿದ್ದರು. ದೊಡ್ಡ ಪಾತ್ರೆಯಲ್ಲಿ ಮೇಲೆ ತಿಳಿ, ತಳದಲ್ಲಿ ಬೇಳೆ, ತರಕಾರಿ. ಮೊದಲು ಬಂದವರಿಗೆ ತಿಳಿ, ಕೊನೆಗೆ ಬಂದ ಹತ್ತನೆಯವರಿಗೆ ಗಟ್ಟಿ. ಯಾರೂ ಬೇಕೂಂತ ಮಾಡಿದ್ದಲ್ಲ. ಸೌಟು ತಳ ಮುಟ್ಟಿ ಕಲಕಿಯೇ ಬಡಿಸಬೇಕು, ವಾರಕ್ಕೊಮ್ಮೆ ಸಾಲಿನ ಸರದಿ ಬದಲಾಗಬೇಕು ಎಂದು ಠರಾವು ಮಾಡಿದರು. ಅಡುಗೆಯವರೂ ನಗುತ್ತಲೇ ಒಪ್ಪಿಕೊಂಡರು. ಆ ಹುಡುಗನೂ ಓದಿನಲ್ಲಿ ಹಿಂದೆಯೇ ಇದ್ದ, ನಿಮ್ಮ ಮಗನ ಹಾಗೆ.

ಪ್ರಶ್ನೆ: ಟೀಚರಿಗೆ ಅಡ್ಡಹೆಸರು ಇಡೋದು ಅನ್ಯಾಯವಾ?
— ‘ಹೇಳಲ್ಲ’, ಶಿವಮೊಗ್ಗ

ಉತ್ತರ: ನನ್ನನ್ನು ‘ಗಂಟೆ ಮೇಡಂ’ ಅನ್ನುತ್ತಿದ್ದರು. ಬೆಲ್ಲಿಗೆ ಮುಂಚೆಯೇ ಕ್ಲಾಸಿನ ಬಾಗಿಲಲ್ಲಿ ಇರುತ್ತಿದ್ದೆನಲ್ಲ, ಅದಕ್ಕೆ. ನನಗೆ ಖುಷಿಯೇ ಆಗಿತ್ತು. ಅಭ್ಯಾಸದ ಮೇಲೆ ಇಟ್ಟ ಹೆಸರಾದರೆ ನಗು ಬರುತ್ತದೆ. ಜಾತಿ, ಬಣ್ಣ, ಉಗ್ಗು, ಕುಂಟು ನೋಡಿ ಇಟ್ಟರೆ ಅದಕ್ಕೆ ಬೈಗುಳ ಅಂತಾರೆ. ಗೆಳೆಯರಿಗೆ ಇಡುವಾಗ ಇನ್ನೂ ಹುಷಾರು ಮಾರಾಯ. ನಾವು ರಿಟೈರ್ ಆಗಿ ಹೋಗುತ್ತೇವೆ, ಅವನು ಅದೇ ಹೆಸರು ಹೊತ್ತು ಅದೇ ಊರಲ್ಲಿ ಅಂಗಡಿ ಇಡಬೇಕು.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಕಸ ಗುಡಿಸೋದು ಹುಡುಗಿಯರು, ಬೆಂಚು ಹೊರೋದು ಹುಡುಗರು. ಟಾಯ್ಲೆಟ್ ತೊಳೆಯೋಕೆ ಮಾತ್ರ ಯಾವಾಗಲೂ ನಮ್ಮನ್ನೇ ಕರೀತಾರೆ, ಮೂರು ಜನ. ಮೂವರೂ ಒಂದೇ ಕೇರಿಯವರು. ಬೇರೆಯವರನ್ನು ಯಾಕೆ ಕರೆಯಲ್ಲ ಅಂತ ಕೇಳೋಕೆ ಭಯ.
— ಎಂಟನೇ ತರಗತಿ. ಊರು ಹಾಕಬೇಡಿ

ಉತ್ತರ: ತಮ್ಮಾ, ನೀನು ಕೇಳಬೇಕಾದ ಪ್ರಶ್ನೆ ಅದಲ್ಲ. ಬೇರೆಯವರನ್ನು ಕರೆದರೂ ತಪ್ಪೇ. ಶಾಲೆಯ ಟಾಯ್ಲೆಟ್ ತೊಳೆಯುವುದು ಯಾವ ಮಗುವಿನ ಕೆಲಸವೂ ಅಲ್ಲ. ಅದರಲ್ಲೂ ಕೇರಿ ನೋಡಿ ಕರೆಯುವುದು ಅಪರಾಧ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ 17ನೇ ಕಲಮೇ ನೋಡು, ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ಕೂಡದು ಎನ್ನುತ್ತದೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಹೊರಗೆ ಬಂದಾಗ ಅಮಾನತು, ಬಂಧನ ಎಲ್ಲ ಆಯಿತು. ದೊಡ್ಡವರಿಗೆ ಇದು ಗೊತ್ತಿಲ್ಲ ಎಂದುಕೊಳ್ಳಬೇಡ. ಗೊತ್ತಿದೆ. ಯಾರೂ ಕೇಳಲ್ಲ ಎಂಬ ಧೈರ್ಯ ಅಷ್ಟೆ.

ನೀನು ಒಬ್ಬನೇ ಕೇಳಬೇಡ. ಇವತ್ತೇ ಮನೆಯಲ್ಲಿ ಹೇಳು. ಮೂರು ಮನೆಯವರೂ ಒಟ್ಟಿಗೆ ಹೆಡ್‌ಮಾಸ್ತರ ಹತ್ತಿರ ಹೋಗಲಿ, ಜೊತೆಗೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಯಾರಾದರೂ ಒಬ್ಬರನ್ನು ಕರೆದುಕೊಳ್ಳಲಿ. ಅಲ್ಲಿ ಸರಿಹೋಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೊಡಲಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬರಲಿ. ಯಾರೂ ಕೇಳಿಸಿಕೊಳ್ಳದಿದ್ದರೆ 1098ಕ್ಕೆ ನೀನೇ ಫೋನ್ ಮಾಡಬಹುದು. ಮಕ್ಕಳ ಸಹಾಯವಾಣಿ ಅದು, ದುಡ್ಡು ಬೇಡ. ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ‘ನಮ್ಮ ಶಾಲೆಯ ಶೌಚಾಲಯ ತೊಳೆಯೋರು ಯಾರು, ಅದಕ್ಕೆ ದುಡ್ಡು ಎಲ್ಲಿಂದ?’ ಎಂದು ನಿನ್ನ ಗೆಳೆಯರು ಯಾರಾದರೂ ಕೇಳಲಿ. ಅಲ್ಲಿ ಕೇಳಿದ್ದು ಪುಸ್ತಕದಲ್ಲಿ ಬರೆದಾಗುತ್ತದೆ.

ಟೀಚರುಗಳಿಗೆ ಒಂದು ಮಾತು. ಕ್ಲಾಸ್‌ರೂಮ್ ಗುಡಿಸುವುದನ್ನು ಮಕ್ಕಳು ಮಾಡಿದರೆ ತಪ್ಪಿಲ್ಲ, ಆದರೆ ಸರದಿ ಹಾಜರಿ ಪುಸ್ತಕದ ಕ್ರಮದಲ್ಲೇ ಹೋಗಲಿ. ಪೊರಕೆ ಹಿಡಿದರೆ ಹುಡುಗರ ಕೈ ಸವೆಯಲ್ಲ. ಇಬ್ಬರು ಹುಡುಗಿಯರು ಸೇರಿದರೆ ಬೆಂಚೂ ಏಳುತ್ತದೆ. ಸ್ಟಾಫ್ ರೂಮಿನ ಟೀ ಲೋಟ ಕುಡಿದವರೇ ತೊಳೆಯಲಿ. ಈಗ ಪ್ರಾರ್ಥನೆಯ ಹೊತ್ತಿಗೆ ಸಂವಿಧಾನದ ಪೀಠಿಕೆ ಓದಿಸುತ್ತೀರಲ್ಲ, ಸಮಾನತೆ ಎಂದು ಗಟ್ಟಿಯಾಗಿ ಹೇಳಿ ಬಂದ ಮಗುವನ್ನು ಹತ್ತು ನಿಮಿಷಕ್ಕೆ ಬಕೆಟ್ ಹಿಡಿಸಿ ಕಳಿಸಿದರೆ ಅದು ಏನೆಂದುಕೊಳ್ಳಬೇಕು?

ಪ್ರಶ್ನೆ: ನಾನು ದೈಹಿಕ ಶಿಕ್ಷಕ. ಮೈದಾನ ಇರೋದು ಒಂದೇ. ಹುಡುಗರು ಕ್ರಿಕೆಟ್ ಶುರು ಮಾಡಿದರೆ ಹುಡುಗಿಯರು ಗೋಡೆ ಪಕ್ಕ ಕೂತು ಹರಟುತ್ತಾರೆ. ಅವರಿಗೆ ಆಸಕ್ತಿಯೇ ಇಲ್ಲ ಅನಿಸುತ್ತೆ. ಏನು ಮಾಡಲಿ?
— ಹೊಸನಗರ

ಉತ್ತರ: ಗೋಡೆ ಪಕ್ಕ ಕೂರದೆ ಇನ್ನೆಲ್ಲಿ ಕೂರಬೇಕಿತ್ತು ಮೇಷ್ಟ್ರೇ? ಬ್ಯಾಟ್ ಹಿಡಿದವರು ಇಬ್ಬರು, ಮೈದಾನ ಪೂರ್ತಿ ಅವರದು. ದಿನ ಬಿಟ್ಟು ದಿನ ಮಾಡಿ. ಹುಡುಗಿಯರ ದಿನ ಬ್ಯಾಟು, ಸ್ಟಂಪು ರೂಮಿನೊಳಗೇ ಇರಲಿ, ಬೀಗದ ಕೈ ಅವರ ನಾಯಕಿ ಹತ್ತಿರ ಇರಲಿ. ಮೊದಲ ವಾರ ಅವರೂ ನಾಚಿಕೊಂಡು ಕೂರಬಹುದು. ಖೋ-ಖೋದಿಂದ ಶುರು ಮಾಡಿ, ಎಂಟು ಜನ ಕೂರಬೇಕು, ಒಬ್ಬಳು ಅಟ್ಟಬೇಕು, ಸುಮ್ನೆ ನೋಡುತ್ತಾ ನಿಲ್ಲೋಕೆ ಜಾಗವೇ ಇಲ್ಲ. ವೇಲಿಗೆ ಎರಡು ಕಡೆ ಪಿನ್ ಹಾಕಿಕೊಂಡು ಓಡೋದು ಎಷ್ಟು ಕಷ್ಟ ಅಂತ ಗಂಡಸರಿಗೆ ಗೊತ್ತಿರಲ್ಲ. ಆಟದ ದಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಲು ಹೇಳಿ, ಆಸಕ್ತಿ ಎಲ್ಲಿತ್ತು ಅಂತ ಆಗ ನೋಡಿ. ಇನ್ನೊಂದು: ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂದು ಯಾರು ಬರೆದಿಟ್ಟರೋ ನನಗಂತೂ ಗೊತ್ತಿಲ್ಲ. ಒಂದೇ ನೆಟ್ಟು ಸಾಕು, ಬದಲಾಯಿಸಿ ಆಡಿಸಿ.

ಪ್ರಶ್ನೆ: ನನ್ನ ಮಗಳಿಗೆ ಒಂದು ಕಾಲಿನಲ್ಲಿ ಬಲ ಕಡಿಮೆ, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಾಳೆ. ಶಾಲೆಯ ಪ್ರವಾಸಕ್ಕೆ ಹೆಸರು ಕೊಟ್ಟಳು. ‘ಅಲ್ಲೆಲ್ಲ ಮೆಟ್ಟಿಲು ಜಾಸ್ತಿ, ನಿಮಗೇ ಕಷ್ಟ’ ಎಂದು ದುಡ್ಡು ವಾಪಸ್ ಕಳಿಸಿದರು. ಅವರು ಹೇಳೋದೂ ಸರಿಯೇ ಅನಿಸಿ ಸುಮ್ಮನಾದೆ. ಮಗಳು ಮಾತು ಬಿಟ್ಟಿದ್ದಾಳೆ.
— ಒಬ್ಬ ತಾಯಿ, ಭದ್ರಾವತಿ

ಉತ್ತರ: ಅವರು ಹೇಳಿದ್ದು ಸರಿಯಲ್ಲಮ್ಮ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಪಾಠದಲ್ಲಷ್ಟೇ ಅಲ್ಲ, ಆಟ ಮತ್ತು ಮನರಂಜನೆಯಲ್ಲೂ ಉಳಿದ ಮಕ್ಕಳ ಸಮಾನವಾಗಿ ಅವಕಾಶ ಕೊಡಬೇಕು ಎಂದು ಅದರ 16ನೇ ಕಲಮು ಶಾಲೆಗಳಿಗೆ ಸ್ಪಷ್ಟವಾಗಿ ಹೇಳುತ್ತದೆ. ಪ್ರವಾಸ ಅಂದರೆ ಅದೇ ತಾನೆ?

ಕಾಯ್ದೆ ಹಿಡಿದುಕೊಂಡು ಹೋಗುವ ಮೊದಲು ಅವರ ಪ್ರವಾಸದ ಪಟ್ಟಿ ತರಿಸಿಕೊಳ್ಳಿ. ಸುಮ್ಮನೆ ‘ಮೆಟ್ಟಿಲು ಜಾಸ್ತಿ’ ಅನ್ನುವ ಮಾತು ಬಿಟ್ಟು ಒಂದೊಂದು ಜಾಗವನ್ನೂ ನೋಡೋಣ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ತನಕ ಬ್ಯಾಟರಿ ಗಾಡಿ ಹೋಗುತ್ತದೆ. ಬೇಲೂರಿನಲ್ಲಿ ಜಗತಿಗೆ ಹತ್ತಲು ಕೆಲವೇ ಮೆಟ್ಟಿಲು, ಇಬ್ಬರು ಗೆಳತಿಯರು ಕೈ ಕೊಟ್ಟರೆ ಆಯಿತು. ಜೋಗದಲ್ಲಿ ಮೇಲಿನ ಕಟ್ಟೆಯಿಂದಲೇ ಜಲಪಾತ ಕಾಣುತ್ತದೆ, ಕೆಳಗೆ ಇಳಿಯುವವರು ಇಳಿಯಲಿ. ಶ್ರವಣಬೆಳಗೊಳ ಒಂದೇ ನಿಜವಾಗಿ ಕಷ್ಟ, ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು. ಅಲ್ಲೂ ಡೋಲಿಯವರು ಇದ್ದಾರೆ. ಡೋಲಿ ಹತ್ತುವುದು ಮಗಳಿಗೆ ಇಷ್ಟವಾ ಅಂತ ಅವಳನ್ನೇ ಕೇಳಿ. ಕೆಲವರಿಗೆ ಮುಜುಗರ ಆಗುತ್ತದೆ. ಅವಳು ಬೇಡ ಎಂದರೆ ಕೆಳಗೆ ಕಲ್ಯಾಣಿ ಹತ್ತಿರ ಒಬ್ಬ ಟೀಚರ್, ನಾಲ್ಕು ಗೆಳತಿಯರು ಉಳಿಯಲಿ. ಉಳಿಯುವವರನ್ನು ಅವಳೇ ಆರಿಸಲಿ.

ನನಗೆ ಸಿಟ್ಟು ಬಂದದ್ದು ‘ನಿಮಗೇ ಕಷ್ಟ’ ಎಂಬ ಮಾತಿಗೆ. ಕಷ್ಟ ಯಾರಿಗೆ? ಬಸ್ಸು ಹತ್ತು ನಿಮಿಷ ಜಾಸ್ತಿ ನಿಲ್ಲಿಸಬೇಕಾದವರಿಗೆ. ದುಡ್ಡು ವಾಪಸ್ ತೆಗೆದುಕೊಂಡು ಹೋಗಿ ಕೊಡಿ, ರಸೀದಿ ಕೇಳಿ. ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾತಾಡಿ.

ಪ್ರಶ್ನೆ: ನಾವು ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್. ಆಟದ ಪೀರಿಯಡ್ಡಿನಲ್ಲಿ ಗಣಿತ. ಸ್ಕೂಲ್ ಡೇಗೂ ನಾವು ಬರೀ ಪ್ರೇಕ್ಷಕರು. ಇದು ನ್ಯಾಯವಾ?
— ಹತ್ತನೇ ತರಗತಿ ಎ ಮತ್ತು ಬಿ ವಿಭಾಗ, ಸೊರಬ

ಉತ್ತರ: ಎರಡೂ ವಿಭಾಗದವರು ಸೇರಿ ಬರೆದಿದ್ದೀರಿ, ಅದೇ ದೊಡ್ಡ ಸಮಾಚಾರ! ಅಲ್ಲ, ನ್ಯಾಯವಲ್ಲ. 625ಕ್ಕೆ ಓದುವ ಮಗುವಿಗೂ ಸಂಜೆ ಬೆವರು ಬರಬೇಕು. ಆದರೆ ಟೀಚರನ್ನೂ ಪೂರ್ತಿ ಬೈಯಲಾರೆ. ಫಲಿತಾಂಶ ಕಡಿಮೆ ಬಂದರೆ ಮೀಟಿಂಗಿನಲ್ಲಿ ನಿಲ್ಲಿಸಿ ಕೇಳುವುದು ಅವರನ್ನೇ. ಒಂದು ಒಪ್ಪಂದಕ್ಕೆ ಬನ್ನಿ. ಟೈಮ್‌ಟೇಬಲ್ಲಿನಲ್ಲಿರುವ ಆಟದ ಪೀರಿಯಡ್ ನಿಮ್ಮದು, ಅದನ್ನು ಯಾರೂ ಮುಟ್ಟಬಾರದು. ಬದಲಿಗೆ ಸ್ಪೆಷಲ್ ಕ್ಲಾಸಿಗೆ ಚಕ್ಕರ್ ಹೊಡೆಯಬಾರದು. ಸ್ಕೂಲ್ ಡೇ ದಿನ ನಿರೂಪಣೆ, ಮೈಕು, ಪರದೆ ಎಲ್ಲ ನಿಮಗೇ ಕೊಡಲಿ. ಅದಕ್ಕೆ ತಿಂಗಳುಗಟ್ಟಲೆ ಪ್ರಾಕ್ಟೀಸ್ ಬೇಡ. ಒಂದು ಪುಟ್ಟ ನಾಟಕವೂ ಆಗಬಹುದು, ಟೀಚರುಗಳನ್ನು ಅಣಕಿಸುವಂಥದ್ದು. ‘ಹೇಳಲ್ಲ’ ಅವರಿಗೆ ಕೊಟ್ಟ ಉತ್ತರ ಓದಿಕೊಂಡು ಬರೆಯಿರಿ.

ಪ್ರಶ್ನೆ: ನಾನು ನಮ್ಮೂರ ಪ್ರೌಢಶಾಲೆಯ ಎಸ್‌ಡಿಎಂಸಿ ಸದಸ್ಯ. ಹಳೆಯ ವಿದ್ಯಾರ್ಥಿಗಳು ಸ್ಕೂಲ್ ಡೇ ಬಹುಮಾನಕ್ಕೆಂದು 10,000 ರೂಪಾಯಿ ಕೊಟ್ಟಿದ್ದಾರೆ. ಪೂರ್ತಿ ಟಾಪರ್‌ಗೆ ಕೊಟ್ಟು ದೊಡ್ಡ ಫ್ಲೆಕ್ಸ್ ಹಾಕಿಸೋಣ ಅಂತ ಕೆಲವರು. ನಿಮ್ಮ ಅಭಿಪ್ರಾಯ?
— ಶಿಕಾರಿಪುರ

ಉತ್ತರ: ಟಾಪರ್‌ಗೆ ಬಹುಮಾನ ಬೇಡ ಎನ್ನುವವಳು ನಾನಲ್ಲ. ಕಷ್ಟಪಟ್ಟು ಓದಿದ್ದಾಳೆ, ಕೊಡಿ. ಆದರೆ ಅವಳಿಗೆ ಬೇರೆ ಕಡೆಯಿಂದಲೂ ಬರುತ್ತದೆ. ಬ್ಯಾಂಕಿನವರು, ಸಂಘದವರು, ಜಾತಿ ಸಮಾಜದವರು ಎಲ್ಲ ಅದೇ ಮಗುವನ್ನು ಕರೆದು ಅದೇ ಶಾಲು ಹೊದಿಸುತ್ತಾರೆ. ನಿಮ್ಮ ದುಡ್ಡು ಉಳಿದವರ ಕಡೆಗೂ ಸ್ವಲ್ಪ ಹೋಗಲಿ. ಎಂಟನೇ ತರಗತಿಗೆ ಬಂದಾಗ ಕನ್ನಡವನ್ನೇ ತಡವರಿಸಿ ಓದುತ್ತಿದ್ದು ಈಗ ಸರಾಗ ಓದುವವರು ಪ್ರತಿ ಶಾಲೆಯಲ್ಲೂ ಇರುತ್ತಾರೆ, ಕನ್ನಡ ಟೀಚರನ್ನು ಕೇಳಿ, ಥಟ್ಟನೆ ಹೆಸರು ಹೇಳುತ್ತಾರೆ. ಮಳೆಗಾಲದಲ್ಲಿ ಹೊಳೆಯ ಸಂಕ ದಾಟಿ ನಡೆದು ಬಂದೂ ಹಾಜರಿ ತಪ್ಪಿಸದವರು ಇರುತ್ತಾರೆ. ಲೈಬ್ರರಿ ಪುಸ್ತಕ ಜಾಸ್ತಿ ಓದಿದವರು ಯಾರು ಅಂತ ರಿಜಿಸ್ಟರಿನಲ್ಲೇ ಸಿಗುತ್ತದೆ. ಗೆಳೆಯನಿಗೆ ಪಾಠ ಹೇಳಿಕೊಟ್ಟು ಪಾಸು ಮಾಡಿಸಿದವರಿಗೂ ಒಂದಿರಲಿ, ಅದನ್ನು ಮಾತ್ರ ಮಕ್ಕಳನ್ನೇ ಕೇಳಿ ಆರಿಸಿ. ಯಾವ್ಯಾವುದಕ್ಕೆ ಬಹುಮಾನ ಎಂದು ಜೂನ್‌ನಲ್ಲೇ ನೋಟಿಸ್ ಹಾಕಿ. ಕೊನೆ ಗಳಿಗೆಯಲ್ಲಿ ಯಾರದೋ ಮಗಳಿಗೆಂದು ಹೊಸ ಬಹುಮಾನ ಹುಟ್ಟಿಕೊಳ್ಳುವುದು ಆಗ ತಪ್ಪುತ್ತದೆ.

ಫ್ಲೆಕ್ಸ್ ಬೇಡವೇ ಬೇಡ. ಟಾಪರ್ ಮುಖ ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ಮುಖಂಡರ ಮುಖ, ಅಷ್ಟೇ ಆಗೋದು. ಅತಿಥಿಗಳ ಹಾರ, ಶಾಲು, ಹಣ್ಣಿನ ಬುಟ್ಟಿಗೂ ಈ ದುಡ್ಡಿನಿಂದ ಒಂದು ರೂಪಾಯಿ ಹೋಗಬಾರದು. ಅದನ್ನು ಮುಂದಿನ ಸಭೆಯಲ್ಲೇ ಠರಾವು ಬರೆಸಿ, ಎಲ್ಲರ ಸಹಿ ಹಾಕಿಸಿಬಿಡಿ.